ತಿರುಗಿಸಿ ಹಾಕಿಸಿದ ನಕ್ಷೆ

ಖರ್ಚಾದದ್ದು ನಲವತ್ತು ರೂಪಾಯಿ. ಒಂದು ಅಮೋನಿಯಾ ಪ್ರಿಂಟಿಗೆ, ಅಂದರೆ ನಕ್ಷೆಯ ದೊಡ್ಡ ಪ್ರತಿಗೆ, ಇಪ್ಪತ್ತರಂತೆ ಎರಡು ಪ್ರಿಂಟು. ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ ಮೆಟ್ಟಿಲು ಇಳಿದ ಕೂಡಲೇ ಸಿಗುತ್ತಿದ್ದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಮಾಡಿಸಿದ್ದು. ನಕ್ಷೆ ಒಂದೇ ಆಗಿರುವಾಗ ಪ್ರಿಂಟು ಎರಡು ಯಾಕೆಂದರೆ, ಒಂದನ್ನು ನೆಟ್ಟಗೆ ಹಾಕಿಸಬೇಕಿತ್ತು, ಇನ್ನೊಂದನ್ನು ಮಗುಚಿ. ಆ ಮಗುಚಿದ ಪ್ರಿಂಟಿನಿಂದ ಒಬ್ಬ ಸತ್ತ, ಒಬ್ಬ ಏಳು ವರ್ಷ ಜೈಲಿನಲ್ಲಿದ್ದ, ನನಗೆ ಬಿಲ್ಡರುಗಳ ಬಾಗಿಲು ಮುಚ್ಚಿತು.

ಈ ಮನೆ ದಲ್ಲಾಳಿ ಧಂದೆಗೆ ಹೊಸದಾಗಿ ಬರುವವರು ನನ್ನ ಬಳಿ ಕೇಳುವುದು ಎರಡೇ ಪ್ರಶ್ನೆ. ಕಮಿಷನ್ ಎಷ್ಟು ಹೇಳಬೇಕು, ಗಿರಾಕಿ ಎಲ್ಲಿ ಸಿಗುತ್ತಾರೆ. ಎರಡಕ್ಕೂ ಉತ್ತರ ಆರು ತಿಂಗಳಲ್ಲಿ ತಾನಾಗಿ ಗೊತ್ತಾಗುತ್ತದೆ. ಅವರು ಕೇಳದೆ ಇರುವುದನ್ನು ಬರೆದಿಡುತ್ತೇನೆ.

ನಾನು ಕುಂದಾಪುರದ ಕಡೆಯವ. ಮುಂಬಯಿ ಪಕ್ಕದ ಠಾಣೆ ನಗರದಲ್ಲಿ ಹೊಟೇಲಿನ ಗಲ್ಲೆಯಲ್ಲಿ ಕೂತು ಕೂತು, ಮನೆ ಹುಡುಕುವವರಿಗೂ ಮನೆ ಕೊಡುವವರಿಗೂ ಚಹಾದ ನಡುವೆ ಗಂಟು ಹಾಕುತ್ತಾ ಈ ಕೆಲಸಕ್ಕೆ ಬಿದ್ದೆ. ನನ್ನನ್ನು ತಿದ್ದಿದವರು ಕಾಮತ್ ಮಾಮ. ಠಾಣೆಯಲ್ಲಿ ಅವರದೊಂದು ಎಸ್ಟೇಟ್ ಏಜೆನ್ಸಿ. ಒಂದು ಮೇಜು, ಎರಡು ಕುರ್ಚಿ, ಗೋಡೆ ತುಂಬ ನಕ್ಷೆಯ ಸುರುಳಿ. ಬೈಯುವಾಗ ಕೊಂಕಣಿ, ವ್ಯಾಪಾರಕ್ಕೆ ಮರಾಠಿ, ಬುದ್ಧಿ ಹೇಳುವುದಕ್ಕೆ ಕನ್ನಡ.

"ವಾಸು, ಮನೆ ಮಾರುವವ ಮನೆ ತೋರಿಸಬಾರ್ದು. ನಕ್ಷೆ ತೋರಿಸ್ಬೇಕು. ಮನೆಯಲ್ಲಿ ನಲ್ಲಿ ಸೋರ್ತದೆ, ನಕ್ಷೆಯಲ್ಲಿ ಸೋರುವುದಿಲ್ಲ."

ಎರಡು ಸಾವಿರದ ದಶಕದ ಮೊದಲ ವರ್ಷಗಳು. ಟಿಟ್ವಾಳಾದಲ್ಲಿ ಅಗ್ಗದ ಫ್ಲ್ಯಾಟುಗಳು ಏಳುತ್ತಿದ್ದವು. ನೆರೂಳಿನಿಂದ ಒಬ್ಬ ಬ್ಯಾಂಕಿನವರು ಹೆಂಡತಿಯ ಜೊತೆ ಬಂದಿದ್ದರು. ಬೆಲೆ ಒಪ್ಪಿತ್ತು, ಗಣಪತಿ ದೇವಸ್ಥಾನ ಹತ್ತಿರವಿದೆ ಎಂಬುದೂ ಒಪ್ಪಿತ್ತು. ಆದರೆ ಹೆಂಡತಿ ನಕ್ಷೆ ನೋಡಿ ಎದ್ದು ನಿಂತರು: ಅಡುಗೆಮನೆ ನೈಋತ್ಯಕ್ಕಿದೆ, ಅಗ್ನಿಮೂಲೆಗೆ ಇರಬೇಕು. ಕಾಮತ್ ಮಾಮ ಟ್ರೇಸಿಂಗ್ ಹಾಳೆಯನ್ನು ತೆಗೆದು, ಕಿಟಕಿಯ ಗಾಜಿಗೆ ಒತ್ತಿಹಿಡಿದು, ಹಪ್ಪಳದ ಹಾಗೆ ಮಗುಚಿದರು. ಎಡದ ಅಡುಗೆಮನೆ ಬಲಕ್ಕೆ ಬಂತು.

"ನೋಡಿ ಅಕ್ಕ, ಅಗ್ನಿಮೂಲೆ. ಹೋಮ ಬೇಡ, ಭಟ್ರು ಬೇಡ."

ಅದು ಮೋಸವಾಗಿರಲಿಲ್ಲ. ಆ ಕಟ್ಟಡದ ಎ ವಿಂಗಿಗೆ ಬಿ ವಿಂಗ್ ಕನ್ನಡಿಯ ಬಿಂಬದಂತೆ ಇತ್ತು. ಮಾಮ ತೋರಿಸಿದ್ದು ಬಿ ವಿಂಗಿನ ಫ್ಲ್ಯಾಟು. ಹೊಸ ನಕ್ಷೆ ಬರೆಸುವ ಖರ್ಚು ಉಳಿಸಿದ್ದರು, ಅಷ್ಟೆ. ಪಾರದರ್ಶಕ ಹಾಳೆಯನ್ನು ಮಗುಚಿ ಪ್ರಿಂಟಿನ ಯಂತ್ರಕ್ಕೆ ಕೊಟ್ಟರೆ ಕಟ್ಟಡ ಮಗ್ಗುಲು ಬದಲಿಸಿ ಹೊರಬರುತ್ತದೆ ಎಂಬುದನ್ನು ನಾನು ಕಲಿತದ್ದು ಅಂದು. ಅದನ್ನು ಎಲ್ಲಿ ಮಾಡಬಾರದು ಎಂಬುದನ್ನು ಮಾಮ ಹೇಳಿಕೊಡಲಿಲ್ಲ. ನಾನು ಕೇಳಲೂ ಇಲ್ಲ.

ಒಮ್ಮೆ ಎಡವಿದೆ. ಒಂದೇ ವಿಂಗ್ ಇದ್ದ ಕಟ್ಟಡಕ್ಕೂ ನಕ್ಷೆ ಮಗುಚಿ ತೋರಿಸಿಬಿಟ್ಟೆ. ಬೀಗದಕೈ ಕೊಡುವ ದಿನ ಗಿರಾಕಿ ದಿಕ್ಸೂಚಿ ಹಿಡಿದು ಬಂದರು. ಬಚ್ಚಲಿನಲ್ಲಿ ನಿಂತು, "ವಾಸುದೇವರೇ, ನಿಮ್ಮೂರಲ್ಲಿ ಸೂರ್ಯ ಯಾವ ಕಡೆ ಹುಟ್ತಾನೆ?" ಎಂದು ಕೇಳಿದರು. ದಲ್ಲಾಳಿ ಹಣ ವಾಪಸು ಕೊಟ್ಟೆ. ಅದರಿಂದ ಯಾರಿಗೂ ನಕ್ಷೆ ಮಗುಚಿ ತೋರಿಸಬಾರದು ಎಂಬ ಪಾಠ ಕಲಿಯಬೇಕಿತ್ತು. ನಾನು ಕಲಿತದ್ದು, ದಿಕ್ಸೂಚಿ ಇಟ್ಟುಕೊಂಡವರಿಗೆ ತೋರಿಸಬಾರದು ಎಂದು.

ಆ ದಶಕ ಮುಗಿಯುವ ಹೊತ್ತಿಗೆ ಡೊಂಬಿವಲಿಯಲ್ಲಿ ಖಾಲಿ ಜಾಗ ಮುಗಿದು, ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟ್ ಶುರುವಾಗಿತ್ತು. ಎಂಐಡಿಸಿ ಕಾರ್ಖಾನೆಗಳ ಕಡೆಗೆ ಹೋಗುವ ರಸ್ತೆಯ ಮೇಲೆ ನೆಲದ ಮೇಲೆರಡು ಮಹಡಿಯ ಒಂದು ಕಟ್ಟಡ. ಇಪ್ಪತ್ತೆರಡು ಮಂದಿ ಮಾಲೀಕರು. ಇಪ್ಪತ್ತು ಮಂದಿ ಸಮ್ಮತಿಪತ್ರಕ್ಕೆ ಸಹಿ ಹಾಕಿದ್ದರು. ಉಳಿದವರು ನೆಲಮಹಡಿಯ ಇಬ್ಬರು ಅಂಗಡಿಯವರು, ಇಬ್ಬರೂ ಕನ್ನಡದವರು. ಹಾಗಾಗಿ ಬಿಲ್ಡರ್ ನನ್ನನ್ನು ಕರೆಸಿದ.

"ದೋನೋ ತೇರೇ ಗಾಂವ್‌ವಾಲೇ ಹೈ. ಪಂದ್ರಾ ದಿನ್ ಮೇಂ ಸಹಿ ಚಾಹಿಯೇ."

"ಶೇಟ್, ಒಬ್ಬನ ಊರು ಮೂಲ್ಕಿ, ಒಬ್ಬನದ್ದು ವಿಜಾಪುರ. ನಡುವೆ ಒಂದು ರಾತ್ರಿಯ ಬಸ್ಸು ಉಂಟು" ಎಂದು ನಾನು ಹಿಂದಿಯಲ್ಲಿ ಹೇಳಿದೆ. ಅವನಿಗೆ ಅದು ತಮಾಷೆ ಅನ್ನಿಸಲಿಲ್ಲ.

ರಸ್ತೆಯಲ್ಲಿ ನಿಂತು ಕಟ್ಟಡ ನೋಡಿದರೆ ಎಡತುದಿಯಲ್ಲಿ ಭೋಜಣ್ಣನ ಲಂಚ್ ಹೋಮ್. ಮೂಲ್ಕಿಯ ಭೋಜಣ್ಣ ಹದಿನಾಲ್ಕು ವರ್ಷ ಬೇರೆಯವರ ಹೊಟೇಲಿನಲ್ಲಿ ದುಡಿದು ಆ ಜಾಗ ಕೊಂಡವನು. ದನಿ ಎತ್ತಿದವನಲ್ಲ, ಸಾಂಬಾರು ಸಾಲಲಿಲ್ಲ ಎಂದು ಗಿರಾಕಿ ರೇಗಿದರೆ ತಾನೇ ಬಟ್ಟಲು ಹಿಡಿದು ಬರುವವನು. ಬಲತುದಿಯಲ್ಲಿ ನೀಲವ್ವನ ಖಾನಾವಳಿ: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಅವಳ ಗಂಡ ಸಿದ್ರಾಮಪ್ಪ ಕೂಲಿಯವರ ಗುಂಪು ಕಟ್ಟಿಕೊಂಡು ಕಟ್ಟಡ ಕೆಡವುವ, ಪಾಯ ಅಗೆಯುವ ಗುತ್ತಿಗೆ ಮಾಡುತ್ತಿದ್ದ. ಎರಡು ಅಂಗಡಿಗಳ ನಡುವೆ ಮೆಟ್ಟಿಲು. ಇಬ್ಬರ ಊಟ ಬೇರೆ, ಗಿರಾಕಿ ಬೇರೆ. ಹನ್ನೆರಡು ವರ್ಷ ಒಂದು ಮಾತು ಹೆಚ್ಚುಕಡಿಮೆ ಆದದ್ದಿಲ್ಲ.

ತೊಡಕು ಕಾರಿನದು. ಹೊಸ ಕಟ್ಟಡಕ್ಕೆ ಕೆಳಗೆ ಪಾರ್ಕಿಂಗ್ ಬೇಕು, ಕಾರು ಇಳಿಯಲು ರ‍್ಯಾಂಪ್ ಬೇಕು. ರ‍್ಯಾಂಪ್ ಯಾವ ತುದಿಯಲ್ಲಿ ಬರುತ್ತದೋ ಆ ತುದಿಯ ಅಂಗಡಿ ರಸ್ತೆ ಬಿಟ್ಟು ಹಿಂದಕ್ಕೆ, ಕಾಂಪೌಂಡಿನ ಒಳಕ್ಕೆ ಹೋಗಬೇಕು. ಆರ್ಕಿಟೆಕ್ಟ್ ಬರೆದ ಕಚ್ಚಾ ನಕ್ಷೆಯಲ್ಲಿ ರ‍್ಯಾಂಪ್ ಎಡಕ್ಕಿತ್ತು. ಅಂದರೆ ಹಿಂದೆ ಹೋಗುವವನು ಭೋಜಣ್ಣ.

ನಾನು ಮೊದಲು ಹೋದದ್ದು ಅವನ ಹತ್ತಿರವೇ. ಅವನು ಗಲ್ಲೆಯಿಂದ ಇಳಿಯದೆ ಹೇಳಿದ: "ವಾಸಣ್ಣ, ಮನೆ ಹಿಂದೆ ಕೊಡಿ, ಹತ್ತನೇ ಮಾಳಿಗೆಯಲ್ಲಿ ಕೊಡಿ, ನಂಗೆ ಬೇಜಾರಿಲ್ಲ. ಹೊಟೇಲಿಗೆ ಮಾತ್ರ ರೋಡ್ ಬೇಕು ಮಾರಾಯ್ರೆ. ರೋಡಿಲ್ಲದ ಹೊಟೇಲು ಎಂತಕ್ಕೆ? ನಾನೇ ಬೇಯಿಸಿ ನಾನೇ ತಿನ್ನಲಿಕ್ಕಾ?"

ನೀಲವ್ವನದೂ ಅದೇ ಮಾತು, ಬೇರೆ ಬಾಯಿಂದ. "ಅಣ್ಣಾ, ನಮ್ಮ ಮಂದಿ ಬೋರ್ಡ್ ಓದಿ ಬರೂದಿಲ್ಲ. ರೊಟ್ಟಿ ಬಡಿಯೂ ಸಪ್ಪಳ ಕೇಳಿ ಬರ್ತಾರ. ಹಿಂದ ಕುಂತು ಬಡದ್ರ ಯಾರಿಗೆ ಕೇಳಬೇಕು?"

ಇಬ್ಬರೂ ಸರಿ. ಆರ್ಕಿಟೆಕ್ಟನ ಹತ್ತಿರ ಹೋಗಿ, ಬೇರೆ ದಾರಿ ಇದೆಯೇ ಎಂದು ಕೇಳುವುದು ನನ್ನ ಕೆಲಸವಾಗಿತ್ತು. ಸಹಿಗೆ ಬಿಲ್ಡರ್ ಕೊಟ್ಟ ಹದಿನೈದು ದಿನದಲ್ಲಿ ಎಂಟು ಕಳೆದಿತ್ತು. ಟ್ರೇಸಿಂಗ್ ನನ್ನ ಚೀಲದಲ್ಲೇ ಇತ್ತು. ಬರೀ ಗೆರೆಗಳು, ಅಕ್ಷರವಿಲ್ಲ, ಮಗುಚಿದರೆ ಗೊತ್ತಾಗುವಂತಿರಲಿಲ್ಲ. ಎರಡೂ ಪ್ರಿಂಟಿನ ಮೇಲೆ ಅಂಗಡಿಗಳ ಹೆಸರನ್ನು ನಾನೇ ಕೈಯಾರೆ ಬರೆದೆ. ನೆಟ್ಟಗಿನದನ್ನು ಸಿದ್ರಾಮಪ್ಪನಿಗೆ ಕೊಟ್ಟೆ. ಮಗುಚಿದ್ದನ್ನು, ರ‍್ಯಾಂಪ್ ಬಲಕ್ಕೆ ಕಾಣುವುದನ್ನು, ಭೋಜಣ್ಣನಿಗೆ. ಮನಸ್ಸಿಗೆ ಹೇಳಿಕೊಂಡ ಸಮಾಧಾನ ನಮ್ಮ ಧಂದೆಯವರೆಲ್ಲ ಹೇಳಿಕೊಳ್ಳುವಂಥದ್ದೇ: ಪಾಲಿಕೆಯಲ್ಲಿ ಪಾಸಾಗುವಷ್ಟರಲ್ಲಿ ನಕ್ಷೆ ಹತ್ತು ಸಲ ಬದಲಾಗುತ್ತದೆ, ಆಗ ನೋಡಿಕೊಂಡರಾಯಿತು.

ಇಬ್ಬರೂ ಸಹಿ ಹಾಕಿದರು. ಸಿದ್ರಾಮಪ್ಪನಿಗೆ ಹಳೆ ಕಟ್ಟಡ ಕೆಡವುವ ಗುತ್ತಿಗೆಯನ್ನೂ ಕೊಡಿಸಿದೆ. ಬಿಲ್ಡರ್ ನನ್ನ ಬೆನ್ನು ತಟ್ಟಿದ. ಈ ಕೆಲಸ ಬಹಳ ಜಾಣತನದಿಂದ ಮಾಡಿದೆ ಎಂದು ನಾನೂ ತಿಳಿದಿದ್ದೆ.

ಭೋಜಣ್ಣ ಆ ಪ್ರಿಂಟಿಗೆ ಚೌಕಟ್ಟು ಹಾಕಿಸಿ ಗಲ್ಲೆಯ ಹಿಂದೆ, ದೇವರ ಪಟದ ಪಕ್ಕದಲ್ಲಿ ತೂಗುಹಾಕಿದ. ಬೆಳಿಗ್ಗೆ ದೇವರಿಗೆ ಊದುಬತ್ತಿ ಬೆಳಗುವಾಗ ನಕ್ಷೆಗೂ ಒಂದು ಸುತ್ತು. ಇದನ್ನು ನಾನು ಎಣಿಸಿರಲಿಲ್ಲ. ಜನ ನಕ್ಷೆಯನ್ನು ಪೆಟ್ಟಿಗೆಯಲ್ಲಿ ಮಡಚಿಡುತ್ತಾರೆ ಎಂದುಕೊಂಡಿದ್ದೆ.

ಸಂಕ್ರಾಂತಿ ಬಂತು. ಸಿದ್ರಾಮಪ್ಪನ ಮನೆಯಿಂದ ಪ್ರತಿ ವರ್ಷ ನೆರೆಯವರಿಗೆಲ್ಲ ಕುಸುರೆಳ್ಳು ಹೋಗುತ್ತಿತ್ತು. ಆ ವರ್ಷ ತಾನೇ ಪೊಟ್ಟಣ ಹಿಡಿದು ಲಂಚ್ ಹೋಮಿಗೆ ಬಂದ. "ಎಳ್ಳು ತೊಗೊಂಡು ಒಳ್ಳೆ ಮಾತಾಡೂಣ್ರಿ ಭೋಜಣ್ಣಾರ" ಎಂದು ಕೊಡುತ್ತಿದ್ದಂತೆ ಕಣ್ಣು ಚೌಕಟ್ಟಿನ ಮೇಲೆ ಬಿತ್ತು. ಅವನು ನಕ್ಷೆ ಓದಬಲ್ಲವನು.

"ಇದ್ಯಾರು ಕೊಟ್ರಿ? ಹಾಳಿ ಉಲ್ಟಾ ಐತಲ್ರಿ."

"ಉಲ್ಟಾ ಎಂತದು? ವಾಸಣ್ಣ ಕೊಟ್ಟದ್ದು."

"ನನಗೂ ಅವರ ಕೊಟ್ಟಾರ್ರಿ. ತಡೀರಿ, ತರ್ತೀನಿ."

ಎರಡನ್ನೂ ಊಟದ ಮೇಜಿನ ಮೇಲೆ ಹಾಸಿ, ಇಬ್ಬರೂ ಒಂದೇ ಫೋನಿನಿಂದ ನನ್ನ ಜೊತೆ ಮಾತಾಡಿದರು. ಅಂದೇ ಹೋಗಿ ಒಪ್ಪಿಕೊಂಡಿದ್ದರೆ ಇಬ್ಬರೂ ಸೇರಿ ನನ್ನನ್ನು ಬೈಯುತ್ತಿದ್ದರು, ಸಮ್ಮತಿಪತ್ರ ಹರಿದುಹಾಕುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ನಾನು ಹೇಳಿದ್ದು: "ಆರ್ಕಿಟೆಕ್ಟ್ ಎರಡು ಥರ ಬರೆದಿದ್ದಾರೆ. ಯಾವುದು ಪಾಸಾಗ್ತದೋ ನೋಡುವ. ನೀವಿಬ್ರೂ ಸುಮ್ನಿರಿ."

ಅವರು ಸುಮ್ಮನಾದರು. ಆದರೆ ಭೋಜಣ್ಣನ ತಲೆಯಲ್ಲಿ ಒಂದು ಲೆಕ್ಕ ಕೂತಿತು. ತನಗೆ ನಕ್ಷೆ ಓದಲು ಬಾರದು, ಸಿದ್ರಾಮಪ್ಪನಿಗೆ ಬರುತ್ತದೆ; ಬಿಲ್ಡರನ ಗುತ್ತಿಗೆಯೂ ಅವನದೇ; ಹಾಗಿದ್ದರೆ ಇನ್ನೊಂದು ನಕ್ಷೆ ಮಾಡಿಸಿದವನು ಅವನೇ. ನನ್ನ ಮೇಲೆ ಅವನಿಗೆ ಅನುಮಾನ ಬರಲಿಲ್ಲ. ನಾವಿಬ್ಬರೂ ಕರಾವಳಿಯವರು, ಹೊಟೇಲಿನಲ್ಲಿ ಲೋಟ ತೊಳೆದು ಬಂದವರು.

ಬೇಸಿಗೆಯಲ್ಲಿ ನಕ್ಷೆ ಪಾಸಾಯಿತು. ಆರ್ಕಿಟೆಕ್ಟ್ ಬರೆದ ಹಾಗೆಯೇ, ರ‍್ಯಾಂಪ್ ಎಡಕ್ಕೆ. ಹತ್ತು ಸಲ ಬದಲಾಗುತ್ತದೆ ಎಂದುಕೊಂಡದ್ದು ಒಂದು ಸಲವೂ ಬದಲಾಗಲಿಲ್ಲ. ಕೆಡವುವ ಮೊದಲು ರ‍್ಯಾಂಪಿನ ಜಾಗಕ್ಕೆ ಸುಣ್ಣದ ಗೆರೆ ಹಾಕಿಸಲು ಬಿಲ್ಡರ್ ಹೇಳಿದ. ಗೆರೆ ಹಾಕುವುದು ಕೆಡವುವ ಗುತ್ತಿಗೆಯವನ ಕೆಲಸ. ಸಿದ್ರಾಮಪ್ಪ ಫೋನಿನಲ್ಲಿ ಹೇಳಿದ: "ಅಣ್ಣಾರ, ನೀವು ಮುಂದ ನಿಂತು ಭೋಜಣ್ಣಾರಿಗೆ ಹೇಳ್ರಿ. ನನ್ನ ಕೈಲೆ ಗೆರಿ ಹೊಡಸಬ್ಯಾಡ್ರಿ."

"ನೀನು ಶುರುಮಾಡು, ಒಂಬತ್ತಕ್ಕೆ ಬರ್ತೇನೆ" ಎಂದೆ.

ಹೋಗಲಿಲ್ಲ. ನೆರೂಳಿನಲ್ಲಿ ಒಂದು ಫ್ಲ್ಯಾಟು ತೋರಿಸುವುದಿತ್ತು. ಇದ್ದದ್ದು ನಿಜ, ಮಧ್ಯಾಹ್ನವೂ ತೋರಿಸಬಹುದಿತ್ತು.

ಆ ಬೆಳಿಗ್ಗೆ ನಡೆದದ್ದನ್ನು ನೀಲವ್ವ ಕಣ್ಣಾರೆ ಕಂಡವಳು, ನಾನು ಅವಳಿಂದ ಕೇಳಿದವನು. ಸಿದ್ರಾಮಪ್ಪ ಮೊಳೆ ಹೊಡೆದು ದಾರ ಎಳೆದ. ಸುಣ್ಣದ ಪುಡಿ ಉದುರಿಸುತ್ತ ಬಂದ ಗೆರೆ ಲಂಚ್ ಹೋಮಿನ ಹೊಸ್ತಿಲ ಮುಂದಿನ ರಂಗೋಲಿಯನ್ನು ದಾಟಿ ಒಳಗೆ ಹೋಯಿತು. ಭೋಜಣ್ಣ ಬಂದು ಕಾಲಿನಿಂದ ಒರೆಸಿದ. ಸಿದ್ರಾಮಪ್ಪ ಮತ್ತೆ ಹಾಕಿದ. ಭೋಜಣ್ಣ ಮತ್ತೆ ಒರೆಸಿದ.

"ನಿನ್ನ ಕಳ್ಳ ನಕ್ಷೆ ನಿನ್ನ ಮನೆಯಲ್ಲಿಟ್ಕೊ. ನನ್ನ ನಕ್ಷೆಯನ್ನು ದೇವರ ಹತ್ರ ಇಟ್ಟು ಪೂಜೆ ಮಾಡಿದ್ದೇನೆ ನಾನು!"

"ನಾ ಅಲ್ರಿ ಭೋಜಣ್ಣಾರ, ಹಾಳಿ ಹೇಳತೈತಿ. ವಾಸಣ್ಣಾರು ಬರ್ತಾರ, ಅವರನ್ನ ಕೇಳ್ರಿ" ಎಂದು ಹೇಳಿ ಮೂರನೆಯ ಸಲ ಬಗ್ಗಿದ. ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಬಾಗಿಲ ಪಕ್ಕದಲ್ಲೇ ಇರುತ್ತದೆ; ಭೋಜಣ್ಣನ ಕೈಗೆ ಅದು ಸಿಕ್ಕಿತು. ಪೆಟ್ಟು ಕಿವಿಯ ಹಿಂದೆ ಬಿತ್ತು. ಒಂದೇ ಪೆಟ್ಟು. ಮಧ್ಯಾಹ್ನದೊಳಗೆ ಆಸ್ಪತ್ರೆಯಲ್ಲಿ ಜೀವ ಹೋಯಿತು.

ಭೋಜಣ್ಣ ಓಡಿಹೋಗಲಿಲ್ಲ. ಗಲ್ಲೆಯ ಸ್ಟೂಲಿನ ಮೇಲೆ ಕೂತು, ಸಾಂಬಾರು ತಳ ಹಿಡಿಯುತ್ತದೆ, ಗ್ಯಾಸ್ ಬಂದ್ ಮಾಡು ಎಂದು ಅಡುಗೆಯವನಿಗೆ ಹೇಳಿದನಂತೆ. ಪೊಲೀಸರು ಬರುವವರೆಗೆ ಅದೊಂದೇ ಮಾತು.

ಪೊಲೀಸ್ ಠಾಣೆಯ ಸಾಹೇಬರು ಎರಡೂ ಪ್ರಿಂಟುಗಳನ್ನು ಮೇಜಿನ ಮೇಲಿಟ್ಟು, ಎರಡು ನಕ್ಷೆ ಯಾತಕ್ಕೆ ಎಂದು ಮರಾಠಿಯಲ್ಲಿ ಕೇಳಿದರು: "ದೋನ್ ನಕಾಶೇ ಕಶಾಲಾ?" ನಾನು ಹೇಳಿದೆ: "ಆಪ್ಶನ್ ಹೋತೇ, ಸಾಹೇಬ್." ಎರಡು ಆಯ್ಕೆಗಳಿದ್ದವು ಎಂದು ಅವರು ಬರೆದುಕೊಂಡರು. ಅಷ್ಟು ಸುಲಭ. ಬಿಲ್ಡರ್ ಹೇಳಿದ್ದೂ ಅದನ್ನೇ: ಆಪ್ಶನ್ ಎಂಬ ಮಾತು ಬಿಟ್ಟು ಕದಲಬೇಡ.

ಕದಲಿಸಿದವಳು ನೀಲವ್ವ. ನಾಲ್ಕು ತಿಂಗಳ ಮೇಲೆ ಒಂದು ಭಾನುವಾರ ಮನೆಗೆ ಬಂದಳು. ನನ್ನ ಹೆಂಡತಿ ಕೊಟ್ಟ ನೀರನ್ನು ಮುಟ್ಟಲಿಲ್ಲ.

"ಅಣ್ಣಾ, ಸತ್ತವರನ್ನ ಕೊಡು ಅಂತ ಕೇಳಾಕ ಬಂದಿಲ್ಲ. ಭೋಜಣ್ಣಾರ ಕಡೀ ಮಂದಿ ಏನಂತಾರ ಗೊತ್ತೈತೇನು? ನನ್ನ ಗಂಡ ಖೊಟ್ಟಿ ನಕ್ಷಾ ಮಾಡಿಸಿದ್ದ, ಅದಕ್ಕ ಸತ್ತ ಅಂತಾರ. ಬಿಲ್ಡಿಂಗ್ ಕಮಿಟಿಯವರು ಹೊಸಾ ಕಟ್ಟಡದಾಗ ನನ್ನ ಅಂಗಡಿ ಗಾಳಾ ತಡದಾರ. ಖೊಟ್ಟಿ ಕಾಗದದ ಮಂದಿಗೆ ಅಂಗಡಿ ಹೆಂಗ ಕೊಡೂದು ಅಂತಾರ. ಆ ಹಾಳಿ ಮ್ಯಾಲಿನ ಅಕ್ಷರ ಯಾರವು? ಅಷ್ಟ ಹೇಳು."

ಅವಳು ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ನನ್ನ ಗಂಡಗ ಸಹಿ ಬಿಟ್ರ ಬರಿಯಾಕ ಬರ್ತಿದ್ದಿಲ್ಲ" ಎಂದಳು.

ನನ್ನ ಸ್ವಭಾವ ನಿಮಗೆ ಗೊತ್ತಾಗಿದೆ, ತೂಗಿ ನೋಡಿದೆ. ಒಂದು ತಟ್ಟೆಯಲ್ಲಿ ನನ್ನ ಧಂದೆ. ಇನ್ನೊಂದರಲ್ಲಿ, ಸತ್ತವನ ಮೇಲಿನ ಕಳ್ಳತನದ ಹೆಸರು, ಅವಳ ಅಂಗಡಿ. ಎರಡೂ ಪ್ರಿಂಟಿನ ಮೇಲೆ ನನ್ನ ಕೈಬರಹವಿದೆ, ಒಂದಲ್ಲ ಒಂದು ದಿನ ಯಾವನಾದರೂ ವಕೀಲ ಕೇಳುತ್ತಾನೆ ಎಂಬ ಹೆದರಿಕೆಯನ್ನೂ ಹಾಕಿದೆ. ಅದನ್ನು ಹಾಕದೆ ಇದ್ದಿದ್ದರೆ ತಕ್ಕಡಿ ಯಾವ ಕಡೆ ವಾಲುತ್ತಿತ್ತು ಎಂದು ಹೇಳಲಾರೆ.

ಕಲ್ಯಾಣದ ಕೋರ್ಟಿನಲ್ಲಿ ಸಾಕ್ಷಿಕಟ್ಟೆ ಹತ್ತಿದಾಗ ಹೇಳಿಬಿಟ್ಟೆ: ಟ್ರೇಸಿಂಗ್ ಒಂದೇ, ಮಗುಚಿ ಹಾಕಿಸಿದ್ದು ನಾನು, ಅಕ್ಷರ ನನ್ನವು. ಸಿದ್ರಾಮಪ್ಪನಿಗೂ ಗೊತ್ತಿರಲಿಲ್ಲ, ಭೋಜಣ್ಣನಿಗೂ ಗೊತ್ತಿರಲಿಲ್ಲ. ನ್ಯಾಯಾಧೀಶರಿಗೆ ಅರ್ಥವಾಗಲಿಲ್ಲ. ಟ್ರೇಸಿಂಗ್ ತರಿಸಿ, ಕಿಟಕಿಯ ಬೆಳಕಿಗೆ ಹಿಡಿದು ತೋರಿಸಲು ಹೇಳಿದರು. ಕಾಮತ್ ಮಾಮ ಹಿಡಿದ ಹಾಗೆಯೇ ಹಿಡಿದು ಮಗುಚಿದೆ. ರ‍್ಯಾಂಪ್ ಆ ಕಡೆಯಿಂದ ಈ ಕಡೆಗೆ ಬಂತು. ಆರೋಪಿಯ ಕಟಕಟೆಯಲ್ಲಿದ್ದ ಭೋಜಣ್ಣ ಅದನ್ನು ನೋಡಿದ. ಆಮೇಲೆ ನನ್ನನ್ನು ನೋಡಲಿಲ್ಲ.

ಕೊಲೆಯ ಕಲಮು ಕೆಳಗಿಳಿದು ಅವನಿಗೆ ಏಳು ವರ್ಷವಾಯಿತು. ಕಾನೂನು ಏನೇ ಹೆಸರಿಡಲಿ, ಆ ರಸ್ತೆಯವರು ಕೊಲೆ ಎಂದೇ ಹೇಳುತ್ತಾರೆ, ನಾನೂ. ಮೋಸದ ಕೇಸು ನನ್ನ ಮೇಲೆ ಕೆಲವು ವರ್ಷ ಓಡಿ, ರಾಜಿಯಾಯಿತು. ಬಿಲ್ಡರ್ ಹೊಸ್ತಿಲು ತುಳಿಯಬೇಡ ಎಂದ. ಬಾಡಿಗೆ ಮನೆ ತೋರಿಸುವ ಸಣ್ಣ ಕೆಲಸಕ್ಕೆ ಇಳಿದು ಅಲ್ಲಿಂದಲೇ ನಿವೃತ್ತನಾದೆ.

ನೀಲವ್ವನ ಅಂಗಡಿಯನ್ನು ಕಮಿಟಿ ಬಿಟ್ಟುಕೊಟ್ಟಿತು. ಕೆಲಸ ಮತ್ತೆ ಶುರುವಾದಾಗ ಹೊಸ ಆರ್ಕಿಟೆಕ್ಟ್ ಬಂದಳು. ಚಿಕ್ಕ ವಯಸ್ಸಿನ ಮರಾಠಿ ಹೆಣ್ಣುಮಗಳು. ಒಂದು ಬೆಳಿಗ್ಗೆ ಕಟ್ಟಡದ ಸುತ್ತ ನಡೆದು, ಹಿಂದೆ ಗಲ್ಲಿ ಇದೆಯಲ್ಲ, ಕಾರು ಅಲ್ಲಿಂದ ಇಳಿಯಲಿ ಎಂದಳು. ಪಾಸಾಯಿತು. ಎರಡೂ ಅಂಗಡಿ ರಸ್ತೆಗೇ ಬಂದವು. ಬಲಕ್ಕೆ ರೊಟ್ಟಿ ಬಡಿಯುವ ಸಪ್ಪಳ ಈಗಲೂ ಕೇಳುತ್ತದೆ. ಎಡಕ್ಕೆ ಭೋಜಣ್ಣನ ಹೆಂಡತಿ ಮೊಬೈಲ್ ಅಂಗಡಿಯವನಿಗೆ ಬಾಡಿಗೆಗೆ ಕೊಟ್ಟಿದ್ದಾಳೆ.

ಭೋಜಣ್ಣ ಹೊರಬಂದ ಮೇಲೆ ಒಮ್ಮೆ ಸಿಕ್ಕಿದ. ಸ್ಟೇಷನ್ನಿನ ಹತ್ತಿರ ಚಹಾದ ಗಾಡಿಯ ಪಕ್ಕ ನಿಂತಿದ್ದ. ನಾನು ತಪ್ಪಿಸಿಕೊಳ್ಳುವಷ್ಟರಲ್ಲಿ ಅವನೇ ಎರಡು ಚಹಾ ಹೇಳಿದ.

"ರ‍್ಯಾಂಪ್ ಹಿಂದಿನಿಂದ ಆಯ್ತಂತೆ?"

"ಹೌದು."

"ಆವಾಗ್ಲೂ ಆಗ್ತಿತ್ತಾ?"

"ಆಗ್ತಿತ್ತು. ಗಲ್ಲಿ ಮೊದ್ಲಿಂದ್ಲೂ ಉಂಟಲ್ಲ."

"ನಾನು ದಿನಾ ಅಲ್ಲೇ ಹಾಲಿನ ಕ್ಯಾನ್ ಇಳಿಸ್ತಿದ್ದದ್ದು" ಎಂದ. ಲೋಟ ಇಟ್ಟು ಪ್ಲಾಟ್‌ಫಾರ್ಮಿನ ಕಡೆ ಹೋದ.

ಈಗ ಟ್ರೇಸಿಂಗೂ ಇಲ್ಲ, ಅಮೋನಿಯಾದ ಘಾಟೂ ಇಲ್ಲ. ನಕ್ಷೆ ಫೋನಿಗೆ ಬರುತ್ತದೆ. ಬೆರಳು ತಾಗಿಸಿದರೆ ಕಟ್ಟಡ ಮಗ್ಗುಲಾಗುತ್ತದೆ, ನಲವತ್ತು ರೂಪಾಯಿಯೂ ಬೇಡ. ಅದಕ್ಕೇ ಹೇಳುತ್ತೇನೆ. ಒಬ್ಬೊಬ್ಬರಿಗೆ ಒಂದೊಂದು ಹಾಳೆ ಕೊಡಬೇಡಿ. ಒಂದೇ ಹಾಳೆಯನ್ನು ಎಲ್ಲರ ಎದುರು ಹಾಸಿ, ಅದರ ಮೇಲೆಯೇ ಎಲ್ಲರ ಸಹಿ ತೆಗೆದುಕೊಳ್ಳಿ. ಜಗಳವಾದರೆ ಆಗಲಿ, ಮೇಜಿನ ಮೇಲಾದ ಜಗಳ ಅಗ್ಗ. ಹಾಳೆ ಬಿಚ್ಚುವ ಮೊದಲು ಕಟ್ಟಡದ ಸುತ್ತ ಒಮ್ಮೆ ಕಾಲ್ನಡಿಗೆಯಲ್ಲಿ ಬನ್ನಿ, ಹಿಂದಿನ ಗಲ್ಲಿಯಲ್ಲಿ ಹಾಲು ಇಳಿಸುವವನನ್ನೂ ಮಾತಾಡಿಸಿ. ತಪ್ಪು ಹೊರಬಿದ್ದ ದಿನವೇ ಹೋಗಿ ಬೈಸಿಕೊಂಡು ಬನ್ನಿ.

ಮತ್ತೆ, ಸುಣ್ಣದ ಗೆರೆ ಹಾಕುವ ದಿನ ನೆರೂಳಿನಲ್ಲಿ ಕೆಲಸ ಇಟ್ಟುಕೊಳ್ಳಬೇಡಿ. ಒಂಬತ್ತಕ್ಕೆ ಬರುತ್ತೇನೆ ಎಂದರೆ ಎಂಟೂವರೆಗೆ ಹೋಗಿ, ಸುಣ್ಣದ ಬುಟ್ಟಿ ನೀವೇ ಹಿಡಿದುಕೊಳ್ಳಿ.